ದುಡಿಮೆಯ ದಾರಿ: ಎಳೆಯರ ಕೋಣೆಯಲ್ಲಿ ಹಿರಿಯಳಾಗುವುದು



ಸಂಚಿಕೆಗೊಂದು ಕಸುಬನ್ನು ಎತ್ತಿಕೊಂಡು, ಅದಕ್ಕೆ ಸೇರುವ ಬಗೆ, ಸೇರಿದ ಮೇಲೆ ಮೇಲೇರುವ ಬಗೆ ಎರಡನ್ನೂ ಬರೆಯುವುದು ಈ ಅಂಕಣದ ವಾಡಿಕೆ. ಈ ಸಲದ್ದು ಶಿಶುವಿಹಾರದ ಕೆಲಸ; ಇಲ್ಲಿಯ ಬಳಕೆಯಲ್ಲಿ ‘ಡೇಕೇರ್’. ನಮ್ಮ ಫುಲ್‌ಶೀರ್‌ನಲ್ಲಿ 2010ರ ಜನಗಣತಿಯ ಪ್ರಕಾರ ಇದ್ದವರು 1,134 ಮಂದಿ, 2020ರಲ್ಲಿ 16,856. ಹೀಗೆ ಉಬ್ಬಿದ ಊರಿನಲ್ಲಿ ಎತ್ತ ನೋಡಿದರೂ ಕೈಗೂಸುಗಳ ಸಂಸಾರ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಹ್ಯೂಸ್ಟನ್ ದಾರಿ ಹಿಡಿದರೆ ಕೂಸನ್ನು ಯಾರಾದರೂ ನೋಡಿಕೊಳ್ಳಲೇಬೇಕಷ್ಟೆ. ನಮ್ಮ ಸೋದರಿಯರಲ್ಲಿ ಕೆಲವರು ಆಗಲೇ ಈ ಕೆಲಸದಲ್ಲಿದ್ದಾರೆ. ಇನ್ನು ಕೆಲವರು ಸೇರೋಣವೇ ಬೇಡವೇ ಎಂದು ಹಿಂದೆಮುಂದೆ ನೋಡುತ್ತಿದ್ದಾರೆ.

ಹಿಂಜರಿಕೆಗೆ ಕಾರಣ ಗೊತ್ತಿರುವುದೇ. ಊರಿಗೆ ಫೋನ್ ಮಾಡಿ ಹೇಳಿದರೆ ಆ ಕಡೆಯಿಂದ ಬರುವ ಮೊದಲ ಮಾತು, “ಎಂ.ಎಸ್‌ಸಿ. ಓದಿ ಆಯಾ ಕೆಲಸವೇನಮ್ಮಾ?” ಈ ಮಾತು ಮನಸ್ಸಿಗೆ ಚುಚ್ಚುತ್ತದೆ. ಆದರೆ ಅದನ್ನು ಕೇಳಿಕೊಂಡು ಸುಮ್ಮನಾಗಬೇಕಿಲ್ಲ. ಇದು ಅರ್ಧ ಪುಸ್ತಕದಿಂದ, ಅರ್ಧ ಕೋಣೆಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಕಲಿಯುವ ವಿದ್ಯೆ. ಹಾಗೆ ಕಲಿತದ್ದನ್ನು ಕಾಗದದ ಮೇಲೆ ತರಬಲ್ಲವಳು ಮೇಲೇರುತ್ತಾಳೆ. ತರಲಾರದವಳು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಹತ್ತು ವರ್ಷ ‘ಅಸಿಸ್ಟೆಂಟ್’ ಆಗಿಯೇ ಉಳಿದುಬಿಡಬಹುದು. ಈ ಲೇಖನದ ಸಾರಾಂಶ ಇಷ್ಟೇ, ಉಳಿದದ್ದು ವಿವರ.

ಮೊದಲು ಪರವಾನಗಿ

ಎಚ್-4 ವೀಸಾದಲ್ಲಿರುವ ಸೋದರಿಯರು ಇದನ್ನು ಎರಡು ಸಲ ಓದಬೇಕು. 2015ರ ಮೇ 26ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಪತಿಯ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿರುವ ಎಚ್-4 ಪತ್ನಿಯರು ಕೆಲಸದ ಪರವಾನಗಿಗೆ ಅರ್ಜಿ ಹಾಕಿಕೊಳ್ಳಬಹುದು (ಪತ್ನಿಯ ಮೇಲೆ ಅವಲಂಬಿತನಾದ ಪತಿಗೂ ಇದೇ ನಿಯಮ). ಆ ಕಾರ್ಡು ಕೈಗೆ ಬರುವ ತನಕ ಒಂದು ದಿನವೂ ಕೆಲಸ ಮಾಡಕೂಡದು. “ಸಂಬಳ ಬೇಡ, ಸುಮ್ಮನೆ ಕಲಿಯಲು ಬರುತ್ತೇನೆ” ಎಂದು ಹೋಗುವುದೂ ಅಪಾಯವೇ; ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ. ಕಾಯುವ ಕಾಲ ವ್ಯರ್ಥವಾಗಬೇಕಿಲ್ಲ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಆಗ್ರಿಲೈಫ್ ಎಕ್ಸ್‌ಟೆನ್ಷನ್‌ನವರು ಶಿಶುಪಾಲನೆಯ ಪಾಠಗಳನ್ನು ಕಂಪ್ಯೂಟರಿನಲ್ಲೇ ಕಲಿಸುತ್ತಾರೆ. ಕೆಲವಕ್ಕೆ ಶುಲ್ಕವೂ ಇಲ್ಲ. ಮನೆಯಲ್ಲಿ ಕುಳಿತು ಓದುವುದಕ್ಕೆ ಯಾರ ಅಡ್ಡಿಯೂ ಇರದು.

ಸೇರುವ ಬಾಗಿಲು

ಈ ರಾಜ್ಯದಲ್ಲಿ ಶಿಶುವಿಹಾರಗಳಿಗೆ ಲೈಸೆನ್ಸ್ ಕೊಡುವುದು ಹೆಲ್ತ್ ಅಂಡ್ ಹ್ಯೂಮನ್ ಸರ್ವೀಸಸ್ ಇಲಾಖೆ. ಅವರ ನಿಯಮದಂತೆ ಸಾಮಾನ್ಯವಾಗಿ ಹದಿನೆಂಟು ತುಂಬಿರಬೇಕು, ಹೈಸ್ಕೂಲು ಮುಗಿದಿರಬೇಕು, ಬೆರಳಚ್ಚು ಕೊಟ್ಟು ಪೂರ್ವಾಪರ ತನಿಖೆಯಲ್ಲಿ ಪಾಸಾಗಬೇಕು. ಹೊಸಬರಿಗೆ ಒಟ್ಟು 24 ಗಂಟೆ ತರಬೇತಿ. ಅದರಲ್ಲಿ 8 ಗಂಟೆ ಮುಗಿಯುವವರೆಗೆ ನಿಮ್ಮನ್ನು ಕೋಣೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಉಳಿದ 16 ಗಂಟೆಗಳನ್ನು 90 ದಿನಗಳೊಳಗೆ ಮುಗಿಸಬೇಕು. ಆಮೇಲೆ ಪ್ರತಿ ವರ್ಷವೂ 24 ಗಂಟೆ. ಪ್ರಥಮ ಚಿಕಿತ್ಸೆ ಮತ್ತು ಸಿ.ಪಿ.ಆರ್. ತರಬೇತಿಯೂ ಬೇಕು. ನಿಮ್ಮ ಎಸ್ಸೆಸ್ಸೆಲ್ಸಿ, ಪಿ.ಯು.ಸಿ., ಡಿಗ್ರಿ ಅಂಕಪಟ್ಟಿಗಳು ಊರಿನ ಟ್ರಂಕಿನಲ್ಲಿದ್ದರೆ ಈಗಲೇ ತರಿಸಿಕೊಳ್ಳಿ.

‘ಲೆಕ್ಕಕ್ಕೆ ಸೇರಿಸುವುದು’ ಎಂದೆನಷ್ಟೆ. ಇಡೀ ಕಸುಬು ನಿಂತಿರುವುದು ಆ ಲೆಕ್ಕದ ಮೇಲೆ. ಒಂದು ವರ್ಷದೊಳಗಿನ ಕೂಸುಗಳಾದರೆ ನಾಲ್ವರಿಗೆ ಒಬ್ಬಳು. ಎರಡು ವರ್ಷದವರಾದರೆ ಹನ್ನೊಂದು ಮಂದಿಗೆ ಒಬ್ಬಳು. ಮೂರು ವರ್ಷದವರು ಹದಿನೈದು, ನಾಲ್ಕು ವರ್ಷದವರು ಹದಿನೆಂಟು. ಹನ್ನೊಂದು ಎರಡು ವರ್ಷದ ಪೋರರನ್ನು ಒಬ್ಬಳೇ ಒಂದು ಗಂಟೆ ಸಂಭಾಳಿಸಿದವಳಿಗೆ ‘ಆಯಾ ಕೆಲಸ’ ಎಂಬ ಮಾತು ನಗು ತರಿಸೀತು. ಇಂಗ್ಲೆಂಡಿನಲ್ಲಿ ಇದೇ ವಯಸ್ಸಿನ ಐವರಿಗೆ ಒಬ್ಬರು. ಅದೂ 2023ರಲ್ಲಿ ಸಡಿಲಿಸಿದ ಮೇಲೆ, ಮೊದಲು ನಾಲ್ವರಿಗೆ ಒಬ್ಬರಿದ್ದರು. ಅಲ್ಲಿಯೂ ಕೆಲಸ ಮಾಡುತ್ತಲೇ ಕಲಿತು, ಹಂತ ಹಂತದ ಸರ್ಟಿಫಿಕೇಟು ಪಡೆದು ‘ಸೀನಿಯರ್ ನರ್ಸರಿ ಪ್ರಾಕ್ಟೀಷನರ್’ ಆಗುತ್ತಾರೆ. ನಮ್ಮಲ್ಲಿ ಆ ಸ್ಥಾನಕ್ಕೆ ‘ಲೀಡ್ ಟೀಚರ್’ ಎಂಬ ಹೆಸರು.

ಕೋಣೆಯ ಪಾಠ

ನಮ್ಮ ಹೆಣ್ಣುಮಕ್ಕಳಿಗೆ ಕೂಸು ಹೊಸದಲ್ಲ. ಎಣ್ಣೆ ನೀರು ಹಾಕುವುದು, ತೊಟ್ಟಿಲು ತೂಗುವುದು, ತುತ್ತು ಕಲೆಸಿ ಉಣಿಸುವುದು ಎಲ್ಲ ಕೈಗೆ ಬಂದದ್ದೇ. ಆದರೆ ಮನೆಯ ರೂಢಿ ಒಂದು, ಇಲ್ಲಿಯ ಕೋಣೆಯ ಶಿಸ್ತು ಇನ್ನೊಂದು. ಮನೆಯಲ್ಲಿ ಕೂಸನ್ನು ಬೆಚ್ಚಗೆ ಸುತ್ತಿ, ಕೌದಿ ಹೊದಿಸಿ, ಪಕ್ಕಕ್ಕೊಂದು ದಿಂಬು ಒತ್ತರಿಸಿ ಮಲಗಿಸುತ್ತೇವೆ. ಇಲ್ಲಿ ವರ್ಷದೊಳಗಿನ ಕೂಸನ್ನು ಅಂಗಾತವೇ ಮಲಗಿಸಬೇಕು. ಕ್ರಿಬ್‌ನಲ್ಲಿ ಬಿಗಿಯಾಗಿ ಹಾಸಿದ ಹಾಸಿಗೆ ಬಟ್ಟೆಯ ಹೊರತು ಹೊದಿಕೆ, ದಿಂಬು, ಗೊಂಬೆ ಯಾವುದೂ ಕೂಡದು; ಬಟ್ಟೆಯಲ್ಲಿ ಸುತ್ತಬೇಕಾದರೆ ವೈದ್ಯರ ಬರಹ ಬೇಕು. ಇದು ಬರಿಯ ಕಾನೂನಿನ ಕಿರಿಕಿರಿಯೆಂದು ತಿಳಿಯಬೇಡಿ. 1994ರಲ್ಲಿ ಈ ದೇಶದಲ್ಲಿ ‘ಬ್ಯಾಕ್ ಟು ಸ್ಲೀಪ್’ ಎಂಬ ಪ್ರಚಾರ ಆರಂಭವಾಯಿತು. ಆಮೇಲೆ, ಕಾರಣ ತಿಳಿಯದೆ ನಿದ್ದೆಯಲ್ಲೇ ಸಾಯುವ ಶಿಶುಗಳ ಪ್ರಮಾಣ ಕಾಲಕ್ರಮದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಹಾಗೆಯೇ ವರ್ಷ ತುಂಬದ ಕೂಸಿನ ನಾಲಗೆಗೆ ಜೇನು ಸವರುವ ನಮ್ಮ ಪದ್ಧತಿ: ಬಾಟ್ಯುಲಿಸಂ ಎಂಬ ವಿಷಬಾಧೆಯ ಭಯದಿಂದ ಇಲ್ಲಿ ಪೂರ್ತಿ ನಿಷಿದ್ಧ. ಇದರ ಕಾರಣ ಬಲ್ಲವಳು ಕೂಸಿನ ಅಜ್ಜಿಗೂ ನಯವಾಗಿ ತಿಳಿಸಿ ಹೇಳಬಲ್ಲಳು. ನಿಯಮವನ್ನು ಬರಿದೇ ಪಾಲಿಸುವವಳಿಗೂ ಹಿರಿಯಳಿಗೂ ಇರುವ ವ್ಯತ್ಯಾಸ ಕಾಣಿಸಿಕೊಳ್ಳುವುದು ಇಂಥ ಕಡೆ.

ಎರಡನೆಯದು, ನೋಡುವುದು ಮತ್ತು ಬರೆಯುವುದು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ತರಬೇತಿ ನಡೆಸಿದ ಮರಿಯಾ ಮಾಂಟೆಸರಿಯವರು ಯುದ್ಧದ ದೆಸೆಯಿಂದ 1946ರವರೆಗೆ ಭಾರತದಲ್ಲೇ ಉಳಿದರು. ಶಿಕ್ಷಕಿ ಮೊದಲು ಮಗುವನ್ನು ಗಮನಿಸಬೇಕು, ಆಮೇಲೆ ಕೈಹಾಕಬೇಕು ಎಂಬುದು ಅವರ ಬೋಧನೆಯ ತಿರುಳು. ಇಂದಿಗೂ ಲೀಡ್ ಟೀಚರಿನ ನಿಜವಾದ ಕೆಲಸ ಅದೇ. ‘ಮಗು ಇಂದು ತುಂಬ ಹಠ ಮಾಡಿತು’ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ‘ತಾಯಿ ಹೋದ ಮೇಲೆ ಹತ್ತು ನಿಮಿಷ ಬಾಗಿಲ ಬಳಿ ನಿಂತಿತ್ತು, ಕೆಂಪು ಲಾರಿ ಕೊಟ್ಟಾಗ ಕುಳಿತುಕೊಂಡಿತು’ ಎಂದು ಬರೆದರೆ ನಾಳೆ ಬೆಳಿಗ್ಗೆ ಕೆಂಪು ಲಾರಿಯನ್ನು ಮೊದಲೇ ತೆಗೆದಿಡಬಹುದು. ಕಚ್ಚುವ ಮಗುವಿನ ವಿಷಯದಲ್ಲಿಯೂ ಅಷ್ಟೆ. ಯಾವ ಹೊತ್ತಿನಲ್ಲಿ, ಯಾರ ಪಕ್ಕದಲ್ಲಿ, ಯಾವ ಆಟದ ಸಾಮಾನಿಗಾಗಿ ಎಂದು ಒಂದು ವಾರ ಬರೆದಿಟ್ಟರೆ ಕಾರಣ ತಾನಾಗಿ ಹೊರಬೀಳುವುದುಂಟು. ಎಷ್ಟೋ ಸಲ ಅದು ಊಟಕ್ಕೆ ಮುಂಚಿನ ಹಸಿವೋ ಒಂದೇ ಆಟಿಕೆಗೆ ಇಬ್ಬರ ಜಗ್ಗಾಟವೋ ಆಗಿರುತ್ತದೆ.

ಮೂರನೆಯದು, ತಂದೆತಾಯಿಯರ ಜೊತೆ ಮಾತು. ಸಂಜೆ ಮಗುವನ್ನು ಒಯ್ಯಲು ಬಂದವರಿಗೆ ಆ ದಿನದ ಒಂದು ಒಳ್ಳೆಯ ಸಂಗತಿಯನ್ನು ಮೊದಲು ಹೇಳಿ, ಆಮೇಲೆ ತೊಂದರೆಯದನ್ನು ಹೇಳಬೇಕು. ಕಚ್ಚಿಸಿಕೊಂಡ ಮಗುವಿನ ತಾಯಿಗೆ ಕಚ್ಚಿದ ಮಗುವಿನ ಹೆಸರು ಹೇಳಬಾರದು. ಆಕೆ ನಮ್ಮ ಕನ್ನಡದವಳೇ ಆಗಿ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿದ್ದರೂ ಹೇಳಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ಮಗುವಿಗೆ ಮನೆಯಲ್ಲಾಗಲಿ ಕೋಣೆಯಲ್ಲಾಗಲಿ ಹಿಂಸೆಯಾಗುತ್ತಿದೆಯೆಂಬ ಅನುಮಾನ ಬಂದರೆ, ಕಂಡವಳೇ ಸರ್ಕಾರಕ್ಕೆ ತಿಳಿಸಬೇಕು; ಇದು ಟೆಕ್ಸಾಸಿನ ಕಾನೂನು. ‘ಡೈರೆಕ್ಟರಿಗೆ ಹೇಳಿದೆನಲ್ಲ’ ಎಂದು ಸುಮ್ಮನಾಗುವಂತಿಲ್ಲ, ಆ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕುವಂತಿಲ್ಲ. ನಾಲ್ಕು ಜನ ಏನೆಂದಾರು ಎಂಬ ನಮ್ಮ ಸಂಕೋಚ ಇಲ್ಲಿ ಒಂದು ಮಗುವಿನ ಜೀವಕ್ಕೆ ಮುಳ್ಳಾಗಬಹುದು.

ಸಿ.ಡಿ.ಎ. ಎಂಬ ಮೆಟ್ಟಿಲು

ಕೋಣೆಯ ಪಾಠಕ್ಕೆ ಮುದ್ರೆ ಒತ್ತುವ ಸರ್ಟಿಫಿಕೇಟು ‘ಚೈಲ್ಡ್ ಡೆವಲಪ್‌ಮೆಂಟ್ ಅಸೋಸಿಯೇಟ್’, ಸಂಕ್ಷೇಪವಾಗಿ ಸಿ.ಡಿ.ಎ. ಇದು 1975ರಿಂದ ಈ ದೇಶದಲ್ಲಿ ನಡೆದು ಬಂದಿದೆ. ಕಾಲೇಜು ಡಿಗ್ರಿ ಇಲ್ಲದೆಯೂ, ಮಾಡುವ ಕೆಲಸವನ್ನೇ ಪರೀಕ್ಷಿಸಿ ಕೊಡುವುದು ಇದರ ವಿಶೇಷ. ಬೇಕಾದದ್ದು: 120 ಗಂಟೆ ಪಾಠ, ಮೂರು ವರ್ಷಗಳೊಳಗೆ ಮಕ್ಕಳ ಜೊತೆ 480 ಗಂಟೆ ಕೆಲಸ (ಪೂರ್ಣಾವಧಿಯಾದರೆ ಹನ್ನೆರಡು ವಾರ), ತಾವೇ ಬರೆದ ಟಿಪ್ಪಣಿ, ಪಾಠಯೋಜನೆಗಳ ಕಡತ, ತಂದೆತಾಯಿಯರು ತುಂಬಿಕೊಟ್ಟ ಪ್ರಶ್ನಾವಳಿ, ಒಂದು ಪರೀಕ್ಷೆ, ಕೊನೆಗೆ ಪರಿಣತರೊಬ್ಬರು ಕೋಣೆಗೇ ಬಂದು ನಿಮ್ಮ ಕೆಲಸ ನೋಡುವುದು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಡತವನ್ನು ಕೊನೆಯ ತಿಂಗಳಲ್ಲಿ ಕಟ್ಟಲು ಹೋಗಬೇಡಿ. ಮೊದಲ ವಾರದಿಂದಲೇ ದಿನಕ್ಕೆ ಐದು ಸಾಲು ಬರೆದರೆ ಅದು ತಾನಾಗಿ ತುಂಬುತ್ತದೆ. ಖರ್ಚಿನ ಚಿಂತೆಯಿದ್ದರೆ ‘ಟೀಚ್’ ಎಂಬ ವಿದ್ಯಾರ್ಥಿವೇತನವನ್ನು ವಿಚಾರಿಸಿ.

ಸಿ.ಡಿ.ಎ. ಇದ್ದು, ಆಡಳಿತ ವಿಷಯದಲ್ಲಿ ಆರು ಕಾಲೇಜು ಕ್ರೆಡಿಟ್, ಎರಡು ವರ್ಷದ ಅನುಭವ ಇದ್ದರೆ ಡೈರೆಕ್ಟರ್ ಹುದ್ದೆಗೂ ದಾರಿಯುಂಟು. ಅದಕ್ಕೆ ಬೇರೆ ದಾರಿಗಳೂ ಇವೆ. ಡಿಗ್ರಿ ಇರುವವರು ಇಲಾಖೆಯ ಪಟ್ಟಿಯನ್ನು ತಾವೇ ಓದಿಕೊಳ್ಳುವುದು ಮೇಲು.

ಕಾಗದ ನಿಮ್ಮದೇ ಕೈಯಲ್ಲಿರಲಿ

ನಮ್ಮ ಪರಿಚಯದ ಸೋದರಿಯೊಬ್ಬರು ಒಂದು ಶಿಶುವಿಹಾರದಲ್ಲಿ ಮೂರು ವರ್ಷ ನಿಷ್ಠೆಯಿಂದ ದುಡಿದರು. ತರಬೇತಿಯ ಸರ್ಟಿಫಿಕೇಟುಗಳೆಲ್ಲ ಆಫೀಸಿನ ಬೀರುವಿನಲ್ಲಿದ್ದವು. ಮಾಲೀಕರು ಬದಲಾದರು, ಬೀರು ಖಾಲಿಯಾಯಿತು. ಮೂರು ವರ್ಷದ ಗಂಟೆಗಳನ್ನು ರುಜುವಾತುಪಡಿಸಲು ಆಕೆಯ ಬಳಿ ಸಂಬಳದ ಚೀಟಿಗಳ ಹೊರತು ಏನೂ ಇರಲಿಲ್ಲ. ಬೇರೆ ಕಡೆ ಮತ್ತೆ ಅಸಿಸ್ಟೆಂಟಾಗಿ, ಮತ್ತೆ ಮೊದಲ ಪಾಠದಿಂದ ಆರಂಭಿಸಬೇಕಾಯಿತು. ಆದ್ದರಿಂದ ಪ್ರತಿ ಸರ್ಟಿಫಿಕೇಟಿನ ಒಂದು ಪ್ರತಿ ಮನೆಯಲ್ಲಿರಲಿ. ಟೆಕ್ಸಾಸಿನಲ್ಲಿ ಇದಕ್ಕೆಂದೇ ‘ವರ್ಕ್‌ಫೋರ್ಸ್ ರಿಜಿಸ್ಟ್ರಿ’ ಇದೆ. ಅಲ್ಲಿ ನಿಮ್ಮ ಹೆಸರಿನಲ್ಲಿ ಖಾತೆ ತೆರೆದು ತರಬೇತಿಯ ದಾಖಲೆಗಳನ್ನು ಸೇರಿಸಿಡಿ. ಕೆಲಸ ಬಿಡುವಾಗ ಎಷ್ಟು ತಿಂಗಳು, ಯಾವ ವಯಸ್ಸಿನ ಮಕ್ಕಳ ಕೋಣೆ ಎಂದು ಒಂದು ಪತ್ರ ಬರೆಸಿಕೊಳ್ಳಿ. ಸೇರುವಾಗಲೇ ‘ತರಬೇತಿಯ ಗಂಟೆಗಳಿಗೆ ಸಂಬಳ ಉಂಟೇ?’ ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಕೇಳಲು ನಾಚಬೇಡಿ.

ಸಂಬಳದ ಮಾತನ್ನೂ ಮುಚ್ಚಿಡಬಾರದು. 2024ರ ಮೇ ತಿಂಗಳ ಸರ್ಕಾರಿ ಅಂಕಿಅಂಶದಂತೆ ಈ ದೇಶದಲ್ಲಿ ಶಿಶುಪಾಲಕರ ನಡುಮಟ್ಟದ ಗಳಿಕೆ ಗಂಟೆಗೆ ಸುಮಾರು 15 ಡಾಲರು. ಸೊಂಟ ನೋಯುತ್ತದೆ, ಮೊದಲ ಚಳಿಗಾಲದಲ್ಲಿ ಮಕ್ಕಳ ಶೀತ ಜ್ವರವೆಲ್ಲ ನಿಮಗೂ ಬರುತ್ತದೆ. ಹಣವೊಂದೇ ಗುರಿಯಾದವರಿಗೆ ಈ ದಾರಿ ಬೇಡ.

ಇನ್ನು ಊರಿನವರ ಮಾತಿಗೆ ಬರೋಣ. 1938ರಲ್ಲಿ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದಾಗ ಅದನ್ನು ಕೀಳು ಕೆಲಸವೆಂದು ತಿಳಿದು ಕಟ್ಟಲಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಅಂದಿನಿಂದ ಅಂಗನವಾಡಿಯ ಅಕ್ಕಂದಿರು ತೂಕದ ತಕ್ಕಡಿ, ಹಾಜರಿ ಪುಸ್ತಕ ಹಿಡಿದು ನಮ್ಮ ಹಳ್ಳಿಗಳ ಮಕ್ಕಳನ್ನು ಸಾಕಿದ್ದಾರೆ. ಅವರೂ ಗ್ರಾಚ್ಯುಟಿಗೆ ಹಕ್ಕುದಾರರು ಎಂದು ಸುಪ್ರೀಂ ಕೋರ್ಟು ಹೇಳಲು 2022ರ ತನಕ ಕಾಯಬೇಕಾಯಿತು. ಇಲ್ಲಾಗಲಿ ಅಲ್ಲಾಗಲಿ, ಈ ಕಸುಬಿಗೆ ಮರ್ಯಾದೆ ತಡವಾಗಿಯೇ ಬರುತ್ತದೆ, ಅದನ್ನು ಕೇಳಿ ಪಡೆಯಬೇಕಾಗುತ್ತದೆ.

ಕಡೆಯದಾಗಿ ಒಂದು ಸೂಚನೆ. ನಮ್ಮಲ್ಲಿ ಸಿ.ಡಿ.ಎ. ಮುಗಿಸಿದ ಸೋದರಿಯರು ತಿಂಗಳಿಗೊಂದು ಶನಿವಾರ ಎರಡು ಗಂಟೆ ಬಿಡುವು ಮಾಡಿಕೊಂಡರೆ, ಹೊಸಬರ ಕಡತಗಳನ್ನು ನೋಡಿ ತಿದ್ದಿಕೊಡಬಹುದು. ಮೊದಲು ಮಾಡಿ ತೋರಿಸುವುದು, ಆಮೇಲೆ ಜೊತೆಗೂಡಿ ಮಾಡುವುದು, ಕೊನೆಗೆ ಕೈಬಿಟ್ಟು ನೋಡುವುದು: ಕೂಸಿಗೆ ನಡೆಯಲು ಕಲಿಸುವ ಕ್ರಮವೇ ಜೊತೆಗಾರ್ತಿಗೆ ಕಸುಬು ಕಲಿಸುವ ಕ್ರಮ. ಇನ್ನೊಬ್ಬಳನ್ನು ಹಾಗೆ ತಯಾರು ಮಾಡಿದವಳೇ ಕೋಣೆಯ ಹಿರಿಯಳು. ಒಪ್ಪುವವರು ಮುಂದಿನ ಸಭೆಯಲ್ಲಿ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿ.

ಮುಂದಿನ ಸಂಚಿಕೆಯಲ್ಲಿ, ಮನೆಯಲ್ಲೇ ಕೆಲವು ಮಕ್ಕಳನ್ನು ನೋಡಿಕೊಳ್ಳುವವರಿಗೆ ಬೇಕಾದ ಪರವಾನಗಿಯ ವಿಚಾರ.