ಎರಡು ಸೀಸೆ, ಒಂದು ಪರಿಮಳ

ಗೋವೆಯ ನಮ್ಮ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳು ಇಂದು ಹೋಟೆಲು, ಕಚೇರಿ, ಅಂಗಡಿಗಳಲ್ಲಿ ದುಡಿಯುತ್ತಿದ್ದಾರೆ. ಸಂಬಳದ ಹಣದಲ್ಲಿ ಊರಿಗೂ ಒಂದು ಪಾಲು ಹೋಗಬೇಕು, ನಾಲ್ಕು ಜನರ ನಡುವೆ ಅಚ್ಚುಕಟ್ಟಾಗಿಯೂ ಇರಬೇಕು. ಹೆಸರಾಂತ ಸುಗಂಧದ ಸೀಸೆಗೆ ಹತ್ತು ಸಾವಿರ ರೂಪಾಯಿ ಮೀರಿದ ಬೆಲೆ. ಅದನ್ನೇ ಹೋಲುವ ಇನ್ನೊಂದು ಸಾವಿರದೊಳಗೆ ದೊರೆಯುತ್ತದೆ. ಅಗ್ಗದ್ದನ್ನು ಕೊಳ್ಳುವುದು ಮಾನಕ್ಕೆ ಕುಂದೇ? ಈ ಪ್ರಶ್ನೆಯನ್ನು ನಾವು ಕೊಂಚ ವಿಚಾರಿಸೋಣ.

ಗೂಚಿ ಸಂಸ್ಥೆಯ ‘ಬ್ಲೂಮ್’ ಎಂಬುದನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. 2017ರಲ್ಲಿ ಬಂದ ಈ ಶ್ವೇತಪುಷ್ಪ ಸುಗಂಧವನ್ನು ಸಂಯೋಜಿಸಿದವರು ಆಲ್ಬರ್ಟೊ ಮೊರಿಲಾಸ್. ಮಲ್ಲಿಗೆ, ಸುಗಂಧರಾಜ, ರಂಗೂನ್ ಬಳ್ಳಿ, ಇವು ಅದರ ಹೆಗ್ಗಳಿಕೆಯ ಮೂರು ಹೂಗಳು. ಬಿಳಿಯಾಗಿ ಅರಳಿ, ಗುಲಾಬಿಯಾಗಿ, ಕೊನೆಗೆ ಕೆಂಪಾಗುವ ಆ ಬಳ್ಳಿ ನಮ್ಮ ಕಡೆಯ ಎಷ್ಟೋ ಮನೆಗಳ ಬಾಗಿಲ ಮೇಲೆ ಹಬ್ಬಿರುವುದನ್ನು ವಾಚಕರು ಬಲ್ಲರು.

ಅಗ್ಗದ ಸೀಸೆ ಇದನ್ನು ಹೇಗೆ ಹೋಲುತ್ತದೆ? ಮಲ್ಲಿಗೆಯ ಕಂಪಿಗೆ ಮುಖ್ಯ ಕಾರಣವಾದ ಬೆಂಜೈಲ್ ಅಸಿಟೇಟ್ ಕಾರ್ಖಾನೆಯಲ್ಲಿ ಸುಲಭವಾಗಿ ತಯಾರಾಗುತ್ತದೆ. ಯಂತ್ರದ ನೆರವಿನಿಂದ ಪರಿಮಳವೊಂದರ ಘಟಕಗಳನ್ನು ಬಹುಮಟ್ಟಿಗೆ ಗುರುತಿಸಲೂಬಹುದು. ಆದರೆ ನಿಜವಾದ ಮಲ್ಲಿಗೆಸಾರ ಒಂದು ಕಿಲೋ ಬೇಕಾದರೆ ನೂರಾರು ಕಿಲೋ ಹೂ ಬೇಕು. ಹೀಗಾಗಿ ಅಗ್ಗದ ತಯಾರಿಕೆಯಲ್ಲಿ ಅಂಥ ದುಬಾರಿ ಸಾರಗಳಿಗೆ ಎಡೆ ಕಡಿಮೆ. ಮೊದಲ ಅರ್ಧ ಗಂಟೆ ಎರಡೂ ಅವಳಿಗಳಂತೆ ತೋರಬಹುದು. ಭೇದ ತಿಳಿಯುವುದು ಬಹುಶಃ ಆಮೇಲೆ. ಆದುದರಿಂದ ಅಂಗಡಿಯಲ್ಲಿ ಕಾಗದದ ತುಂಡನ್ನು ಮೂಸಿ ತೀರ್ಮಾನಿಸಬಾರದು. ಒಂದು ಮಣಿಕಟ್ಟಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಹಚ್ಚಿ, ನಾಲ್ಕು ತಾಸು ಕಳೆದ ಮೇಲೆ ನೋಡಬೇಕು. ಗೋವೆಯ ಸೆಕೆಯಲ್ಲಿ ಬಿಳಿಹೂವಿನ ಕಂಪು ಬೇಗ ತಲೆಗೇರುವುದರಿಂದ ಹನಿಯಷ್ಟೇ ಸಾಕು. ಚರ್ಮ ಸೂಕ್ಷ್ಮವಾಗಿದ್ದವರು ಮೊದಲು ಮೊಣಕೈ ಒಳಮಡಿಕೆಯಲ್ಲಿ ಪರೀಕ್ಷಿಸುವುದು ಲೇಸು.

ಒಂದು ಭೇದವನ್ನು ಮಾತ್ರ ಮರೆಯಬಾರದು. ತನ್ನದೇ ಹೆಸರಿನಲ್ಲಿ ಬಂದು ಇನ್ನೊಂದರ ಪರಿಮಳವನ್ನು ಹೋಲುವ ಸೀಸೆ ಬೇರೆ. ಇನ್ನೊಬ್ಬರ ಹೆಸರು, ಗುರುತುಗಳನ್ನೇ ಅಂಟಿಸಿಕೊಂಡ ಸೀಸೆ ಬೇರೆ. ಎರಡನೆಯದು ಕಳ್ಳಮಾಲು. 1999ರ ವ್ಯಾಪಾರಚಿಹ್ನೆ ಕಾಯಿದೆಯಂತೆ ಅದರ ಮಾರಾಟ ಅಪರಾಧ. ಅದರೊಳಗೆ ಏನಿದೆಯೆಂಬುದಕ್ಕೆ ಹೊಣೆ ಹೊರುವವರೂ ಇಲ್ಲ. ರಸ್ತೆಬದಿಯಲ್ಲಿ ‘ಅಸಲಿ ಮಾಲು, ಅರ್ಧ ಬೆಲೆ’ ಎಂದು ಕೂಗಿದರೆ ಮುಂದಕ್ಕೆ ನಡೆಯುವುದೇ ಜಾಣತನ.

ಮೊದಲನೆಯದನ್ನು ಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ‘ಯಾವುದಮ್ಮಾ ಹಚ್ಚಿಕೊಂಡಿದ್ದೀ?’ ಎಂದು ಯಾರಾದರೂ ಕೇಳಿದರೆ ಇದ್ದ ಹೆಸರನ್ನೇ ಹೇಳಬೇಕು. ದೊಡ್ಡ ಹೆಸರು ಹೇಳಿಕೊಳ್ಳುವ ಹಂಬಲಕ್ಕೆ ಸಾಲ ಮಾಡುವ ಮನೆಗಿಂತ, ಉಳಿದ ಒಂಬತ್ತು ಸಾವಿರವನ್ನು ತಂಗಿಯ ಶಾಲೆಗೋ ತಾಯಿಯ ಔಷಧಿಗೋ ಕಳುಹಿಸುವ ಮನೆಯೇ ಮೇಲೆಂದು ನಾವು ತಿಳಿಯುತ್ತೇವೆ.