ಹಡಗಿನ ಟಿಕೆಟ್ಟು ಕೊಳ್ಳುವ ಮುನ್ನ

ವಿನೋದಕ್ಕಾಗಿ ಸಮುದ್ರಯಾನ ಮಾಡುವುದು ಒಂದು ಕಾಲದಲ್ಲಿ ಸಿರಿವಂತರಿಗೆ ಮಾತ್ರ ದಕ್ಕುತ್ತಿದ್ದ ಭಾಗ್ಯವಾಗಿತ್ತು. ಈಗ ಹಾಗಿಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ, ಮುಂಬಯಿಯಿಂದ ಗೋವೆಯತ್ತ, ಸಿಂಗಪುರದಿಂದ ಮಲಕ್ಕಾ ಜಲಸಂಧಿಯ ಬಂದರುಗಳಿಗೆ ನಮ್ಮ ಮಧ್ಯಮ ವರ್ಗದ ಕುಟುಂಬಗಳೂ ಹೊರಡತೊಡಗಿವೆ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ತಂದೆತಾಯಿಗಳು ಇದಕ್ಕಾಗಿ ತೆಗೆಯುತ್ತಾರೆ. ಹಡಗನ್ನು ಹುಡುಕಿ, ದರಗಳನ್ನು ತಾಳೆನೋಡಿ, ಕೊಠಡಿಯನ್ನು ಗೊತ್ತುಮಾಡುವ ಕೆಲಸ ಮಾತ್ರ ಅನೇಕ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಗನ ಅಥವಾ ಮಗಳ ಪಾಲಿಗೆ ಬರುತ್ತದೆ. ಆದುದರಿಂದ ಈ ಕೆಲವು ಮಾತುಗಳನ್ನು ನಮ್ಮ ತರುಣ ವಾಚಕರಿಗೇ ಹೇಳಬೇಕೆಂದು ನಮಗೆ ತೋರಿತು.

ಜಾಹೀರಾತು ನಮಗೆ ಏನನ್ನು ತೋರಿಸುತ್ತದೆ? ನೀಲಿಯ ನೀರು, ಬಿಳಿಯ ಹಡಗು, ತುದಿಯ ಅಂತಸ್ತಿನಲ್ಲೊಂದು ಈಜುಕೊಳ, ಬಗೆಬಗೆಯ ಊಟ. ಯಾವ ತಿಂಗಳಲ್ಲಿ ಅಲೆ ಎಷ್ಟು ಏಳುತ್ತದೆ, ಯಾವ ಕೊಠಡಿ ಹೆಚ್ಚು ತೂಗಾಡುತ್ತದೆ, ಅಪಾಯ ಬಂದರೆ ಎಲ್ಲಿಗೆ ಓಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳಬಲ್ಲವು ಭೂಗೋಳ, ಭೌತಶಾಸ್ತ್ರ, ಶರೀರಶಾಸ್ತ್ರಗಳು. ಎಂದರೆ ನೀವು ತರಗತಿಯಲ್ಲಿ ಓದಿದ ಪಾಠಗಳೇ. ಚಿತ್ರವನ್ನು ನೋಡಿ ಕೊಂಡ ಪ್ರಯಾಣಕ್ಕಿಂತ ಸಮುದ್ರವನ್ನು ಅರಿತು ಕೊಂಡ ಪ್ರಯಾಣ ಅಗ್ಗವೂ ಹೌದು, ಸುಖಕರವೂ ಹೌದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಮೊದಲು ಋತುವಿನ ವಿಚಾರ. ವಿಹಾರಯಾನವೆಂಬುದು ಹುಟ್ಟಿದ್ದೇ ಋತುವಿನ ಲೆಕ್ಕಾಚಾರದಿಂದ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ಸಾಗರ ಉಗ್ರವಾಗಿರುತ್ತದೆ; ಆಗ ಅಮೆರಿಕಕ್ಕೆ ಹೋಗುವ ಪ್ರಯಾಣಿಕರು ಕಡಮೆಯಾಗಿ ದೊಡ್ಡ ಹಡಗುಗಳು ಕೆಲಸವಿಲ್ಲದೆ ನಿಲ್ಲುತ್ತಿದ್ದವು. ಜರ್ಮನಿಯ ಹಡಗು ಕಂಪನಿಯೊಂದರ ಅಧಿಕಾರಿಯಾಗಿದ್ದ ಆಲ್ಬರ್ಟ್ ಬಾಲಿನ್ ಎಂಬಾತ ೧೮೯೧ರ ಜನವರಿಯಲ್ಲಿ 'ಆಗುಸ್ಟಾ ವಿಕ್ಟೋರಿಯಾ' ಎಂಬ ಹಡಗನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಕೇವಲ ವಿಹಾರಕ್ಕೆಂದು ಕಳುಹಿಸಿದ. ಪ್ರಯೋಗ ಫಲಿಸಿತು. ಯಾವ ಸಮುದ್ರಕ್ಕೆ ಯಾವ ತಿಂಗಳು ಎಂಬ ಪ್ರಶ್ನೆಯನ್ನು ಆ ವ್ಯಾಪಾರಿ ಮೊದಲು ಕೇಳಿಕೊಂಡ. ಇಂದಿನ ಪ್ರಯಾಣಿಕನೂ ಅದನ್ನೇ ಮೊದಲು ಕೇಳಬೇಕು.

ಅಲೆಯ ಎತ್ತರವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಗಾಳಿಯ ವೇಗ, ಅದು ಬೀಸಿದ ಅವಧಿ, ತಡೆಯಿಲ್ಲದೆ ಅದು ನೀರಿನ ಮೇಲೆ ಸಾಗಿಬಂದ ದೂರ. ಜೂನಿನಿಂದ ಸೆಪ್ಟೆಂಬರಿನವರೆಗೆ ಅರಬ್ಬೀ ಸಮುದ್ರದಲ್ಲಿ ಈ ಮೂರೂ ಒಟ್ಟುಗೂಡುತ್ತವೆ. ನೈಋತ್ಯ ಮಾರುತ ಆಫ್ರಿಕದ ಕರಾವಳಿಯ ಕಡೆಯಿಂದ ವಾರಗಟ್ಟಲೆ ಎಡೆಬಿಡದೆ ಬೀಸಿ ಬರುತ್ತದೆ. ಮಳೆಗಾಲಕ್ಕೆ ತುಸು ಮುಂಚೆ ಹಾಗೂ ಅದರ ತರುವಾಯ ಚಂಡಮಾರುತಗಳ ಭಯ. ೨೦೧೭ರ ನವೆಂಬರ್ ಕೊನೆಯಲ್ಲಿ ಎದ್ದ 'ಓಖಿ', ೨೦೨೧ರ ಮೇ ತಿಂಗಳ 'ತೌಕ್ತೆ' ಎರಡೂ ಲಕ್ಷದ್ವೀಪವನ್ನು ಕಾಡಿದವು. ಡಿಸೆಂಬರ್ ನಡುವಿನಿಂದ ಮಾರ್ಚಿಯವರೆಗಿನ ಕಾಲವೇ ಈ ಕಡಲಿನಲ್ಲಿ ಹೊಸಬರಿಗೆ ತಕ್ಕದ್ದು. ಇದೇ ರೀತಿ ಕೆರಿಬಿಯನ್ ಸಮುದ್ರದಲ್ಲಿ ಜೂನ್ ೧ರಿಂದ ನವೆಂಬರ್ ೩೦ರವರೆಗೆ ಬಿರುಗಾಳಿಯ ಕಾಲವೆಂದು ಗಣನೆ. ಟಿಕೆಟ್ಟಿನ ದರ ಅತಿಯಾಗಿ ಇಳಿದಿದ್ದರೆ ಹಿಗ್ಗುವ ಮೊದಲು ಪಂಚಾಂಗವನ್ನೂ ಭೂಪಟವನ್ನೂ ಒಮ್ಮೆ ನೋಡುವುದು ಲೇಸು.

ಎರಡನೆಯದು ಕೊಠಡಿಯ ಆಯ್ಕೆ. ಅಲೆಗಳ ಮೇಲೆ ಹಡಗು ಮುಖ್ಯವಾಗಿ ಎರಡು ಬಗೆಯಾಗಿ ಅಲುಗುತ್ತದೆ. ಮುಂತುದಿ ಏರಿ ಹಿಂತುದಿ ಇಳಿಯುವುದು ಒಂದು ಬಗೆ. ಎಡಕ್ಕೂ ಬಲಕ್ಕೂ ವಾಲುವುದು ಇನ್ನೊಂದು. ಮೊದಲನೆಯದನ್ನು ತಿಳಿಯಲು ಬಾವಿಯ ಏತವನ್ನು ನೆನೆಯಿರಿ. ಏತದ ತುದಿಗಳು ಆಳೆತ್ತರ ಏರಿಳಿದರೂ ಕಂಬಕ್ಕೆ ಕೂಡಿಸಿದ ನಡುಭಾಗ ಇದ್ದಲ್ಲೇ ಇರುತ್ತದೆ. ಎರಡನೆಯದಕ್ಕೆ ಗಾಳಿಗೆ ತೊನೆಯುವ ಅಡಕೆಯ ಮರವೇ ದೃಷ್ಟಾಂತ: ತಲೆ ತೂಗಾಡುತ್ತದೆ, ಬುಡ ಅಲುಗುವುದಿಲ್ಲ. ಹಾಗಾದರೆ ಹಡಗಿನಲ್ಲಿ ಅತ್ಯಂತ ಕಡಮೆ ಅಲುಗುವ ಸ್ಥಳ ಯಾವುದು? ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಭಾಗ. ಇಲ್ಲೊಂದು ಸೋಜಿಗವುಂಟು. ಜಾಹೀರಾತಿನಲ್ಲಿ ಮೆರೆಯುವ ಮೇಲಂತಸ್ತಿನ ಮುಂತುದಿಯ ಕೊಠಡಿಗೆ ಬೆಲೆಯೂ ಹೆಚ್ಚು, ತೂಗಾಟವೂ ಹೆಚ್ಚು. ಕೆಳಗಿನ ಅಂತಸ್ತಿನ ನಡುಹಡಗಿನ ಕೊಠಡಿಗೆ ಬೆಲೆಯೂ ಕಡಮೆ, ತೂಗಾಟವೂ ಕಡಮೆ. ಹೆಚ್ಚು ಹಣ ತೆತ್ತು ಹೆಚ್ಚು ವಾಕರಿಕೆಯನ್ನು ಕೊಳ್ಳುವವರು ಈ ಒಂದು ಪಾಠವನ್ನು ಮರೆತವರು.

ದೊಡ್ಡ ಹಡಗುಗಳ ಪಕ್ಕೆಗಳಲ್ಲಿ, ನೀರಿನೊಳಗೆ, ಮೀನಿನ ಈಜುರೆಕ್ಕೆಗಳಂತಹ ಫಲಕಗಳಿರುತ್ತವೆ. ಹಡಗು ಚಲಿಸುತ್ತಿರುವಾಗ ಇವು ಓರೆಯಾಗಿ ತಿರುಗಿ ನೀರಿನ ಒತ್ತಡದಿಂದಲೇ ಪಕ್ಕದ ವಾಲಾಟವನ್ನು ಬಹಳಮಟ್ಟಿಗೆ ತಗ್ಗಿಸುತ್ತವೆ. ಮುಂತುದಿ ಹಿಂತುದಿಗಳ ಏರಿಳಿತವನ್ನು ಮಾತ್ರ ತಡೆಯಲಾರವು. ಆದ್ದರಿಂದ ಏತದ ಪಾಠ ದೊಡ್ಡ ಹಡಗಿಗೂ ಸಲ್ಲುತ್ತದೆ. ಕೊಠಡಿಯನ್ನು ಗೊತ್ತುಮಾಡುವ ಮೊದಲು ಹಡಗಿನ ನಕ್ಷೆಯನ್ನು ತೆರೆದು, ತಲೆಯ ಮೇಲೆ ನೃತ್ಯಶಾಲೆಯಾಗಲಿ ಅಡುಗೆಮನೆಯಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಹಡಗಿನ ಗಾತ್ರದ ಬಗೆಗೂ ಒಂದು ಮಾತು. ೨೦೨೪ರಲ್ಲಿ ಸೇವೆಗೆ ಬಂದ 'ಐಕಾನ್ ಆಫ್ ದಿ ಸೀಸ್' ಎಂಬ ಹಡಗಿನ ಒಟ್ಟು ಟನ್ನೇಜು ೨,೪೮,೬೬೩. ಇದನ್ನು ಹಡಗಿನ ತೂಕವೆಂದು ಅನೇಕರು ಭಾವಿಸುತ್ತಾರೆ. ಅದು ತಪ್ಪು, ಈ ಅಂಕಿ ಒಳಗಿನ ಅವಕಾಶದ ಅಳತೆ. ಇದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆಷ್ಟು ಜಾಗವೆಂಬುದು ತಿಳಿಯುತ್ತದೆ. ಕೊಠಡಿಗೆ ಇಬ್ಬರಂತೆ ೫,೬೧೦ ಮಂದಿ ಇದ್ದಾಗ ಉತ್ತರ ೪೪. ಹಡಗು ಕಿಕ್ಕಿರಿದು ೭,೬೦೦ ಮಂದಿಯಾದಾಗ ೩೩ಕ್ಕೂ ಕಡಮೆ. ಎರಡು ಹಡಗುಗಳನ್ನು ಹೋಲಿಸಲು ಚಿತ್ರಗಳಿಗಿಂತ ಈ ಭಾಗಾಹಾರ ಹೆಚ್ಚು ಪ್ರಾಮಾಣಿಕ.

ಇನ್ನು ಕಡಲಬೇನೆ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ; ತಲೆಯ ಚಲನೆಯನ್ನು ಅವು ಮಿದುಳಿಗೆ ತಿಳಿಸುತ್ತವೆ. ಕೊಠಡಿಯೊಳಗೆ ಕುಳಿತವನ ಕಣ್ಣು 'ಗೋಡೆ ಅಲುಗುತ್ತಿಲ್ಲ' ಎನ್ನುತ್ತದೆ. ಒಳಕಿವಿ 'ಅಲುಗುತ್ತಿದ್ದೇವೆ' ಎನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧದಿಂದಲೇ ವಾಕರಿಕೆ ಹುಟ್ಟುವುದೆಂದು ಶರೀರಶಾಸ್ತ್ರಜ್ಞರ ಅಭಿಪ್ರಾಯ. ಪರಿಹಾರವೂ ಇದರಲ್ಲೇ ಅಡಗಿದೆ. ಹೊರಗೆ ಬಂದು, ಹಡಗಿನ ನಡುಭಾಗದಲ್ಲಿ ನಿಂತು, ಅಲುಗದ ದಿಗಂತವನ್ನು ದಿಟ್ಟಿಸಿದರೆ ಕಣ್ಣೂ ಕಿವಿಯೂ ಒಂದೇ ಮಾತನ್ನು ಹೇಳತೊಡಗುತ್ತವೆ. ಪುಸ್ತಕವನ್ನೂ ಫೋನನ್ನೂ ಆಗ ಬದಿಗಿಡಬೇಕು. ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿ ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ತೊಡಗಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಈ ಬೇನೆಯಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ೧೮೩೧ರಿಂದ ೧೮೩೬ರವರೆಗೆ 'ಬೀಗಲ್' ಹಡಗಿನಲ್ಲಿ ಲೋಕವನ್ನು ಸುತ್ತಿದ ಚಾರ್ಲ್ಸ್ ಡಾರ್ವಿನ್ನನೂ ಇದರಿಂದ ನರಳಿದವನೇ.

ಹಣದ ವಿಷಯದಲ್ಲಿ ಮೂರು ಎಚ್ಚರಿಕೆಗಳು ಸಾಕು. ಪ್ರಕಟಿತ ದರ ಸಾಮಾನ್ಯವಾಗಿ ಇಬ್ಬರು ಒಂದು ಕೊಠಡಿಯಲ್ಲಿರುವರೆಂದು ಎಣಿಸಿ ತಲೆಗೆ ಹೇಳಿದ ದರ. ಬಂದರಿನ ಸುಂಕ, ಸೇವಾಶುಲ್ಕ, ದಡದ ತಿರುಗಾಟಗಳ ವೆಚ್ಚ ಇವನ್ನು ಬೇರೆಯಾಗಿ ಕೇಳಿ ತಿಳಿಯಬೇಕು. ವಿದೇಶದ ಬಂದರಿನಿಂದ ಹೊರಟು, ಬೇರೊಂದು ದೇಶವನ್ನು ಮುಟ್ಟಿ, ಅದೇ ಬಂದರಿಗೆ ಮರಳಿದರೂ ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತಾಗುವುದರಿಂದ ವೀಸಾ ಅದಕ್ಕೆ ಒಪ್ಪುವಂತಿರಬೇಕು. ಮತ್ತು ಬಂದರಿನ ಊರನ್ನು ಹಿಂದಿನ ದಿನವೇ ಸೇರಬೇಕು. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ.

ಹಡಗನ್ನು ಏರಿದೊಡನೆ ಬೇಸರದಿಂದ ಕಾಣುವ ಒಂದು ಕಾರ್ಯಕ್ರಮವಿದೆ: ತುರ್ತು ಕವಾಯತು. ಅದನ್ನು ತಪ್ಪಿಸಿಕೊಳ್ಳುವುದೇ ಜಾಣತನವೆಂದು ಬಗೆಯುವವರಿದ್ದಾರೆ. ೨೦೧೨ರ ಜನವರಿ ೧೩ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು ವಾಲಿದಾಗ ಅದರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಜನರಿದ್ದರು. ಅಂದೇ ಹಡಗನ್ನೇರಿದ್ದ ನೂರಾರು ಮಂದಿಗೆ ಕವಾಯತು ಇನ್ನೂ ಆಗಿರಲಿಲ್ಲ. ಇಪ್ಪತ್ತನಾಲ್ಕು ಗಂಟೆಗಳೊಳಗೆ ನಡೆಸಿದರೆ ಸಾಕೆಂದು ಆಗಿನ ನಿಯಮವಿತ್ತು. ಆ ದುರಂತದಲ್ಲಿ ೩೨ ಮಂದಿ ಸತ್ತರು. ೨೦೧೫ರಿಂದ ನಿಯಮ ಬದಲಾಯಿತು: ಹಡಗು ಹೊರಡುವ ಮೊದಲು ಅಥವಾ ಹೊರಟೊಡನೆಯೇ ಕವಾಯತು ನಡೆಯಬೇಕು. ಏಳು ಕಿರುಗೂಗು, ಒಂದು ನೀಳಗೂಗು ಕೇಳಿದರೆ ಅದು ಅಪಾಯದ ಸೂಚನೆ. ಇದನ್ನು ನೀವು ಅರಿತಿರಿ. ನಿಮ್ಮ ಅಜ್ಜಿಗೂ ತಂಗಿಗೂ ತಿಳಿಸಿರಿ. ಹಾಗೆಯೇ ಊಟಕ್ಕೆ ಮೊದಲು ಕೈಯನ್ನು ಸಾಬೂನು ಹಚ್ಚಿ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೋರೋವೈರಸ್ಸಿಗೆ ಮದ್ಯಸಾರದ ದ್ರಾವಣ ಅಷ್ಟಾಗಿ ಅಂಜುವುದಿಲ್ಲ. ಸಾಬೂನೂ ಹರಿಯುವ ನೀರೂ ಅದನ್ನು ತೊಳೆದುಹಾಕುತ್ತವೆ.

ನಾವು ಕಡಲಿನಿಂದ ಸುಖವನ್ನು ಪಡೆಯುತ್ತೇವೆ. ಕಡಲಿಗೆ ಏನನ್ನು ಬಿಟ್ಟುಬರುತ್ತೇವೆ? ಹಡಗಿನ ಇಂಧನದಲ್ಲಿ ಇರಬಹುದಾದ ಗಂಧಕದ ಮಿತಿಯನ್ನು ೨೦೨೦ರ ಜನವರಿ ೧ರಿಂದ ಶೇಕಡಾ ೩.೫ರಿಂದ ೦.೫ಕ್ಕೆ ಇಳಿಸಲಾಯಿತು. ವೆನಿಸ್ ನಗರದ ನಡುವೆ ಹಾಯುತ್ತಿದ್ದ ದೊಡ್ಡ ಹಡಗುಗಳನ್ನು ೨೦೨೧ರ ಆಗಸ್ಟಿನಿಂದ ಇಟಲಿ ಸರಕಾರ ತಡೆಯಿತು. ಜನರು ಪಟ್ಟುಹಿಡಿದು ಕೇಳಿದುದರಿಂದಲೇ ಇಂಥ ಮಾರ್ಪಾಡುಗಳು ಬಂದವು. ಕೊಳಕುನೀರನ್ನು ಹೇಗೆ ಶುದ್ಧಿಮಾಡುತ್ತೀರಿ, ಕಸವನ್ನು ಎಲ್ಲಿ ಇಳಿಸುತ್ತೀರಿ ಎಂದು ಟಿಕೆಟ್ಟು ಕೊಳ್ಳುವವರು ಕೇಳದಿದ್ದರೆ ಹಡಗಿನವರು ತಾವಾಗಿ ಹೇಳುವರೇ?

ಕೊನೆಯದಾಗಿ, ಪ್ರಯಾಣದ ಆನಂದ. ನಮ್ಮ ವಿದ್ಯಾರ್ಥಿಗಳ ಮೊದಲ ಯಾನಕ್ಕೆ ಲಕ್ಷದ್ವೀಪಕ್ಕಿಂತ ಒಳ್ಳೆಯ ಗುರಿ ನಮಗೆ ಕಾಣದು. ಅದರ ಪ್ರವೇಶಕ್ಕೆ ಅನುಮತಿಪತ್ರ ಬೇಕಾದುದರಿಂದ ಮುಂಚಿತವಾಗಿ ಸಿದ್ಧತೆ ನಡೆಸಬೇಕು. ಅಲ್ಲಿಯ ಹಡಗುಗಳಲ್ಲಿ ವೈಭವ ಕಡಮೆ. ಕಡಲು ಮಾತ್ರ ಪೂರ್ತಿ ದೊರೆಯುತ್ತದೆ. ಈ ದ್ವೀಪಗಳು ನಮಗೆ ಹೊರಗಿನವೂ ಅಲ್ಲ. ಉತ್ತರದ ಅಮಿನಿದಿವಿ ಗುಂಪು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅಲ್ಲಿಯ ಕೊಬ್ಬರಿ, ತೆಂಗಿನ ನಾರು ಮಂಗಳೂರಿನ ಪೇಟೆಗೆ ಬರುತ್ತಿದ್ದವು.

ಹಡಗಿನ ಅಟ್ಟದ ಮೇಲೆ ನಿಂತವರಿಗೆ ಮಾಡಿನೋಡಲು ಎಷ್ಟೊಂದಿದೆ! ದಡದಲ್ಲಿ ನಿಂತವನಿಗೆ ದಿಗಂತ ಸುಮಾರು ನಾಲ್ಕೂವರೆ ಕಿಲೋಮೀಟರು ದೂರ. ನೀರಿನಿಂದ ಇಪ್ಪತ್ತೈದು ಮೀಟರು ಎತ್ತರದ ಅಟ್ಟದಿಂದ ಸುಮಾರು ಹದಿನೆಂಟು. ಎದುರಿಗೆ ಬರುವ ಹಡಗಿನ ಹೊಗೆಕೊಳವೆ ಮೊದಲು ಕಂಡು ಒಡಲು ಆಮೇಲೆ ಕಾಣುವುದನ್ನು ನೋಡಿದರೆ ಭೂಮಿ ದುಂಡಗಿರುವುದು ಬಾಯಿಪಾಠವಾಗಿ ಉಳಿಯದೆ ಅನುಭವವಾಗುತ್ತದೆ. ಆಕಾಶ ತಿಳಿಯಾಗಿದ್ದರೆ ಧ್ರುವನಕ್ಷತ್ರವನ್ನು ಹುಡುಕಿ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಕವರತ್ತಿಯ ಬಳಿ ಧ್ರುವ ದಿಗಂತದಿಂದ ಒಂದು ಮುಷ್ಟಿಯಷ್ಟೇ ಮೇಲಿರುತ್ತದೆ, ಏಕೆಂದರೆ ಆ ಊರಿನ ಅಕ್ಷಾಂಶ ಹತ್ತೂವರೆ ಡಿಗ್ರಿ. ದಕ್ಷಿಣದ ಮಿನಿಕಾಯಿಗೆ ಸಾಗಿದರೆ ಇನ್ನೂ ಕೆಳಗಿಳಿಯುತ್ತದೆ. ಹವಳದ ದಿಬ್ಬಗಳು ಹೇಗೆ ಉಂಗುರವಾಗಿ ಬೆಳೆಯುತ್ತವೆಂದು ೧೮೪೨ರಲ್ಲಿ ಬರೆದವನು ಅದೇ ಕಡಲಬೇನೆಯ ಡಾರ್ವಿನ್ ಎಂಬುದನ್ನು ಅಲ್ಲಿ ನೆನೆಯಿರಿ. ಆದರೆ ಹವಳವನ್ನು ತುಳಿಯಬೇಡಿ, ಒಂದು ಚೂರನ್ನೂ ಆಯ್ದು ತರಬೇಡಿ. ನೀರಿನ ಬಿಸಿ ಏರಿ ೧೯೯೮, ೨೦೧೦, ೨೦೧೬ರಲ್ಲಿ ಅವು ಬಿಳಿಚಿ ಸೊರಗಿದವು. ಕಾನೂನೂ ಅವುಗಳಿಗೆ ರಕ್ಷಣೆ ಕೊಟ್ಟಿದೆ.

ರಜೆಯೆಂಬುದು ವಿಶ್ರಾಂತಿಗಲ್ಲವೇ, ಅಲ್ಲಿಯೂ ಪಾಠವೇ ಎಂದು ಕೆಲವರು ಆಕ್ಷೇಪಿಸಬಹುದು. ಆಟಪಾಟಗಳನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಅಂಗಡಿ, ಸಿನಿಮಾ, ಈಜುಕೊಳ ನಮ್ಮ ಊರುಗಳಲ್ಲೂ ಇವೆ. ಅವಕ್ಕಾಗಿ ದಡವನ್ನು ಬಿಡಬೇಕಾಗಿಲ್ಲ. ಕಡಲನ್ನು ಮರೆಸುವ ಹಡಗಿಗಿಂತ ಕಡಲನ್ನು ಕಾಣಿಸುವ ಹಡಗು ಮೇಲು. ತಂದೆತಾಯಿಗಳ ಉಳಿತಾಯವನ್ನು ಕೈಯಲ್ಲಿ ಹಿಡಿದು ಟಿಕೆಟ್ಟು ಗೊತ್ತುಮಾಡಲು ಕುಳಿತ ವಾಚಕರು, ಹಣ ಕಟ್ಟುವ ಮೊದಲು ಒಂದು ಸಂಜೆ ಭೂಪಟವನ್ನೂ ಹಡಗಿನ ನಕ್ಷೆಯನ್ನೂ ಮುಂದಿಟ್ಟುಕೊಂಡು ಮನೆಯವರೊಂದಿಗೆ ಕುಳಿತುಕೊಳ್ಳಲಿ. ಆ ಸಂಜೆಯೇ ಪ್ರಯಾಣ ಆರಂಭವಾಗುತ್ತದೆ.