ಗೊರಿಲ್ಲಾ ಮುಂದೆ ಎದೆ ಬಡಿದುಕೊಳ್ಳಬೇಡಿ

ದಸರಾ ರಜೆಗೋ ಶಾಲಾ ಪ್ರವಾಸಕ್ಕೋ ಮೈಸೂರಿಗೆ ಹೋದವರು ಜೂ ನೋಡದೆ ಹಿಂತಿರುಗುವುದು ಕಡಿಮೆ. 2014ರಲ್ಲಿ ಅಲ್ಲಿದ್ದ ಪೋಲೊ ಎಂಬ ಗೊರಿಲ್ಲಾ ತೀರಿಕೊಂಡ ಮೇಲೆ ವರ್ಷಗಟ್ಟಲೆ ಅಲ್ಲಿ ಗೊರಿಲ್ಲಾ ಇರಲಿಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಬಂದವು. ಆಗ ಥಾಬೊಗೆ 14 ವರ್ಷ, ಡೆಂಬಾಗೆ 8. ಅವನ್ನು ನೋಡಲು ಹೋಗುವ ಎಲ್ಲರಲ್ಲೂ ನನ್ನದೊಂದು ಕಳಕಳಿಯ ಮನವಿ. ಅವುಗಳೆದುರು ಎದೆ ಬಡಿದುಕೊಳ್ಳಬೇಡಿ, ಕೂಗಬೇಡಿ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ. ನೆಗಡಿ, ಕೆಮ್ಮು ಇದ್ದರೆ ಆ ಕಡೆ ಹೋಗಲೇಬೇಡಿ.

ಹೀಗೇಕೆ ಕೇಳುತ್ತಿದ್ದೇನೆ ಎಂಬುದು ತಿಳಿಯಬೇಕಾದರೆ ಆ ಪ್ರಾಣಿಯ ಸ್ವಭಾವ ಗೊತ್ತಿರಬೇಕು. ಮೃಗಾಲಯಗಳಲ್ಲಿ ನಾವು ಕಾಣುವ ಗೊರಿಲ್ಲಾಗಳು ಬಹುಪಾಲು ಪಶ್ಚಿಮ ತಗ್ಗುನಾಡಿನ ಉಪಪ್ರಭೇದದವು. ಗ್ಯಾಬೊನ್, ಕ್ಯಾಮರೂನ್, ಕಾಂಗೊ ಗಣರಾಜ್ಯದ ಮಳೆಕಾಡುಗಳೂ ಜೌಗು ಪ್ರದೇಶಗಳೂ ಇವುಗಳ ತವರು. ಹಣ್ಣು, ಎಲೆ, ಚಿಗುರು, ಆಗೀಗ ಗೆದ್ದಲು, ಇವೇ ಆಹಾರ. ಸಂಜೆಯಾಯಿತೆಂದರೆ ಸೊಪ್ಪುಸದೆ ಬಾಗಿಸಿ, ಮಡಚಿ, ದಿನವೂ ಹೊಸ ಹಾಸಿಗೆ ಮಾಡಿಕೊಂಡು ಮಲಗುತ್ತವೆ. ಬೆನ್ನಿಗೆ ಬೆಳ್ಳಿಬಣ್ಣ ಬಂದ ಒಂದು ದೊಡ್ಡ ಗಂಡು, ಕೆಲವು ಹೆಣ್ಣು, ಅವುಗಳ ಮರಿಗಳು, ಇಷ್ಟು ಒಂದು ಸಂಸಾರ. ಗಂಡು, ಹೆಣ್ಣು ಹೆಚ್ಚುಕಡಿಮೆ ಸಮನಾಗಿ ಹುಟ್ಟುವುದರಿಂದ ಬಹಳಷ್ಟು ಗಂಡುಗಳಿಗೆ ಸಂಸಾರವೇ ಸಿಗುವುದಿಲ್ಲ. ಕಾಡಿನಲ್ಲಿ ಅವು ಒಂಟಿಯಾಗಿ ಅಲೆಯುತ್ತವೆ. ಮೃಗಾಲಯಗಳು ಅಂಥ ಗಂಡುಗಳನ್ನು ಒಟ್ಟಿಗೆ ಬಿಟ್ಟು ಸಾಕುತ್ತವೆ. ಮೈಸೂರಿಗೆ ಬರೀ ಗಂಡುಗಳೇ ಬಂದವಲ್ಲ ಎಂದು ಬೇಸರಪಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಒಂದಕ್ಕೊಂದು ಜೊತೆಯಿರುವುದೇ ಅವುಗಳಿಗೆ ದೊಡ್ಡ ವಿಷಯ.

ಈಗ ಎದೆ ಬಡಿತದ ಮಾತು. ಸಿನಿಮಾದವರು ಅದನ್ನು ಮುಷ್ಟಿ ಕಟ್ಟಿ ಗುದ್ದಿಕೊಳ್ಳುವಂತೆ ತೋರಿಸಿದ್ದಾರೆ. ನಿಜವಾದ ಗೊರಿಲ್ಲಾ ಎದ್ದು ನಿಂತು, ಬೊಗಸೆಯಂತೆ ಬಾಗಿಸಿದ ಅಂಗೈಗಳಿಂದ ಒಂದಾದ ಮೇಲೊಂದು ಪಟಪಟನೆ ಬಡಿಯುತ್ತದೆ. ಗಂಟಲಿನಿಂದ ಎದೆಯವರೆಗೆ ಹಬ್ಬಿದ ಗಾಳಿಚೀಲಗಳಿಂದಾಗಿ ಟೊಳ್ಳು ಮರ ಬಡಿದಂಥ ಸದ್ದು ಹೊರಟು ದೂರದವರೆಗೆ ಕೇಳಿಸುತ್ತದೆ. ರುವಾಂಡಾದ ಬೆಟ್ಟದ ಗೊರಿಲ್ಲಾಗಳ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಂಡಿನ ಗಾತ್ರ ದೊಡ್ಡದಾದಷ್ಟೂ ಸದ್ದಿನ ಸ್ಥಾಯಿ ತಗ್ಗುತ್ತದೆ ಎಂದು ತೋರಿಸಿತು. ನಾನೆಷ್ಟು ದೊಡ್ಡವನು ಎಂಬುದು ಎದುರಾಳಿಗೆ ದೂರದಿಂದಲೇ ತಿಳಿಯುತ್ತದೆ, ಮೈಮೇಲೆ ಬಿದ್ದು ಕಾದಾಡುವ ಅಗತ್ಯ ತಪ್ಪುತ್ತದೆ. ಹಾಗಿರುವಾಗ ಅಪ್ಪನೊಬ್ಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ‘ಹೂ ಹೂ’ ಎಂದು ಎದೆ ಗುದ್ದಿಕೊಂಡರೆ ಅದು ಸವಾಲು ಹಾಕಿದಂತೆಯೇ. ಒಬ್ಬ ಹೋದರೆ ಇನ್ನೊಬ್ಬ, ಬೆಳಿಗ್ಗೆಯಿಂದ ಸಂಜೆಯವರೆಗೆ. ಕಾಡಿನಲ್ಲಾದರೆ ಗೊರಿಲ್ಲಾ ಎದ್ದು ಬೇರೆ ಕಡೆ ಹೋಗಬಹುದಿತ್ತು. ಇಲ್ಲಿ ಎಲ್ಲಿಗೆ ಹೋದೀತು?

ದಿಟ್ಟಿಸಿ ನೋಡುವುದೂ ಅವುಗಳ ಪಾಲಿಗೆ ಬೆದರಿಕೆಯೇ. 2007ರ ಮೇ ತಿಂಗಳಲ್ಲಿ ನೆದರ್ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಮೃಗಾಲಯದ ಬೊಕಿಟೊ ಎಂಬ ಗೊರಿಲ್ಲಾ ಆವರಣ ದಾಟಿ ಬಂದು ಮಹಿಳೆಯೊಬ್ಬರ ಮೇಲೆ ಎರಗಿ ತೀವ್ರವಾಗಿ ಗಾಯಗೊಳಿಸಿತು. ಆಕೆ ಪದೇ ಪದೇ ಬಂದು ಅದರ ಕಣ್ಣನ್ನೇ ನೋಡಿ ನಗುತ್ತಿದ್ದವರು, ಅದು ತನ್ನನ್ನು ಮೆಚ್ಚಿದೆ ಎಂದು ನಂಬಿದ್ದವರು. ಆಮೇಲೆ ಅಲ್ಲಿನ ವಿಮಾ ಕಂಪನಿಯೊಂದು, ನೋಡುವವರ ಕಣ್ಣು ಪಕ್ಕಕ್ಕೆ ತಿರುಗಿದಂತೆ ಕಾಣುವ ರಟ್ಟಿನ ಕನ್ನಡಕಗಳನ್ನು ಹಂಚಿತು. ನಮಗೆ ಕನ್ನಡಕ ಬೇಡ, ಓರೆನೋಟ ಸಾಕು. ಇನ್ನೊಂದು ಮಾತು, ಗೊರಿಲ್ಲಾ ಬಾಯಿ ಅಗಲಿಸಿ ಆಕಳಿಸಿದಾಗಲೆಲ್ಲ ಅದಕ್ಕೆ ನಿದ್ದೆ ಬಂದಿದೆ ಎಂದುಕೊಳ್ಳಬೇಡಿ. ಒಳಗೆ ಕಸಿವಿಸಿಯಾದಾಗಲೂ ಗಂಡುಗಳು ಹಾಗೆ ಕೋರೆಹಲ್ಲು ಕಾಣುವಂತೆ ಆಕಳಿಸುತ್ತವೆ. ಅಂಥ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಬೆಲ್‌ಫಾಸ್ಟ್ ಮೃಗಾಲಯದಲ್ಲಿ ಜನ ಮಸುಕಾಗಿ ಕಾಣುವಂತೆ ಒಂದು ಬಲೆ ಕಟ್ಟಿದ್ದಷ್ಟಕ್ಕೇ ಗೊರಿಲ್ಲಾಗಳ ಪರಸ್ಪರ ಜಗಳ ಕಡಿಮೆಯಾದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ನೆಗಡಿಯ ವಿಷಯದಲ್ಲಂತೂ ಕೈಮುಗಿದು ಕೇಳುತ್ತೇನೆ. ನಮ್ಮ ಉಸಿರಾಟದ ಸೋಂಕುಗಳು ಗೊರಿಲ್ಲಾಗಳಿಗೂ ತಗುಲುತ್ತವೆ. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಇದೇ ಉಪಪ್ರಭೇದದ ಗೊರಿಲ್ಲಾಗಳು ಕೆಮ್ಮತೊಡಗಿದವು, ಪರೀಕ್ಷಿಸಿದರೆ ಕೋವಿಡ್. ಅವು ಚೇತರಿಸಿಕೊಂಡವು, ಆದರೆ ಕಾಡಿನ ಗೊರಿಲ್ಲಾಗಳಿಗೆ ಆ ಅದೃಷ್ಟವಿರಲಿಲ್ಲ. 2002–03ರಲ್ಲಿ ಕಾಂಗೊ ಗಣರಾಜ್ಯದ ಲೊಸ್ಸಿ ಪ್ರದೇಶದಲ್ಲಿ ಎಬೋಲಾ ಗುಂಪು ಗುಂಪುಗಳನ್ನೇ ಬಲಿ ತೆಗೆದುಕೊಂಡಿತು. 2018ರ ಅಂದಾಜಿನಂತೆ ಕಾಡಿನಲ್ಲಿ ಸುಮಾರು 3.6 ಲಕ್ಷ ಪಶ್ಚಿಮ ತಗ್ಗುನಾಡಿನ ಗೊರಿಲ್ಲಾಗಳಿದ್ದವು. ಇಷ್ಟೊಂದಿವೆಯಲ್ಲ ಅನ್ನಿಸಬಹುದು. ಬೇಟೆ, ರೋಗ, ಕಾಡಿನ ನಾಶದಿಂದ ಅವು ವರ್ಷಕ್ಕೆ ಶೇ 2.7ರಷ್ಟು ಕುಸಿಯುತ್ತಿವೆ ಎಂದೂ ಅದೇ ವರದಿ ಹೇಳಿತು. ಒಂದು ಹೆರಿಗೆಗೂ ಇನ್ನೊಂದಕ್ಕೂ ನಾಲ್ಕೈದು ವರ್ಷ ಬಿಡುವು ಕೊಡುವ ಪ್ರಾಣಿ ಈ ನಷ್ಟ ತುಂಬಿಕೊಳ್ಳುವುದು ಬಹಳ ಕಷ್ಟ.

ತಿಂಡಿ ಎಸೆಯುವುದಂತೂ ಕೂಡದು. ಸೆರೆಯಲ್ಲಿರುವ ಗಂಡು ಗೊರಿಲ್ಲಾಗಳನ್ನು ಹೆಚ್ಚಾಗಿ ಕಾಡುವುದು ಹೃದ್ರೋಗ. ಅವುಗಳ ಊಟವನ್ನು ವೈದ್ಯರೂ ಪಾಲಕರೂ ಅಳೆದು ತೂಗಿ ಕೊಡುತ್ತಾರೆ. ಅದರ ಮೇಲೆ ನಮ್ಮ ಚಿಪ್ಸ್, ಬಿಸ್ಕತ್ತು ಬೇಡ.

ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳೇ, ಟೀಚರುಗಳೇ, ಜೂ ಗೇಟಿನ ಗದ್ದಲದಲ್ಲಿ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಬಸ್ಸು ಮೈಸೂರು ಮುಟ್ಟುವ ಮೊದಲೇ ಇದನ್ನೆಲ್ಲ ಹೇಳಿಬಿಡಿ. ಮೂಗು ಸೋರುತ್ತಿರುವ ಮಕ್ಕಳನ್ನು ಒಬ್ಬ ಶಿಕ್ಷಕರ ಜೊತೆ ಜಿರಾಫೆ ನೋಡಲು ಕಳಿಸಿ, ಉಳಿದವರನ್ನು ಸಣ್ಣ ಗುಂಪು ಮಾಡಿ ಸದ್ದಿಲ್ಲದೆ ಗೊರಿಲ್ಲಾಗಳ ಬಳಿ ಕರೆದೊಯ್ಯಿರಿ.